ಸ್ವಂತ ಹಾಡಿಗೆ ಸ್ವಂತ ಹೆಸರು

ಕ್ರೈಸ್ತರೆಂದರೆ ಸಂಗೀತ ಬಲ್ಲವರು ಎಂಬ ಮಾತನ್ನು ಇತರ ಸಮುದಾಯದ ಬಾಂಧವರ ಬಾಯಿಂದ ಕೇಳಿ ನಾವು ಹಿಗ್ಗುವುದುಂಟು. ಆ ಹಿಗ್ಗು ನಿರಾಧಾರವಾದುದಲ್ಲ. ಆದರೆ ಸಂಗೀತವನ್ನು ಬಲ್ಲವರಾಗುವುದು ಬೇರೆ, ಸೃಷ್ಟಿಸುವವರಾಗುವುದು ಬೇರೆ. ತನ್ನ ಹಾಡನ್ನು ತಾನೇ ಬರೆದು, ತಾನೇ ರಾಗ ಸಂಯೋಜಿಸಿ, ತಾನೇ ಹಾಡಿ, ತನ್ನ ಹೆಸರಿನಲ್ಲಿಯೇ ಜನರ ಮುಂದಿಡಲು ಹೊರಡುವ ಯುವಕ ಯುವತಿಯರು ನಮ್ಮ ಧರ್ಮಕೇಂದ್ರಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಕಾಣಿಸಿಕೊಳ್ಳುತ್ತಿದ್ದಾರೆ. ಅವರಿಗೆ ನಾವು ಕೊಡುತ್ತಿರುವ ಉತ್ತರವೇನು? ಈ ಪ್ರಶ್ನೆಯನ್ನು ಎತ್ತಿಕೊಂಡಾಗ ಗೋವೆಯ ರೇಮೊ ಫೆರ್ನಾಂಡಿಸರ ನೆನಪಾಗುವುದು ಸಹಜ.

ಬಾರ್ದೇಸ್ ತಾಲೂಕಿನ ಶಿವೊಲಿ ಗ್ರಾಮದ ರೇಮೊ ಹುಟ್ಟಿದ್ದು 1953ರಲ್ಲಿ. ಮುಂಬೈಯಲ್ಲಿ ವಾಸ್ತುಶಿಲ್ಪ ಓದಿದರು. ಎಪ್ಪತ್ತರ ದಶಕದ ಕೊನೆಯಲ್ಲಿ ಯುರೋಪು ಮತ್ತು ಉತ್ತರ ಆಫ್ರಿಕವನ್ನು ಗಿಟಾರಿನೊಂದಿಗೆ ಅಲೆದು ಊರಿಗೆ ಮರಳಿದರು. ತಮ್ಮ ಹಾಡುಗಳಿಗೆ ಮುಂಬೈಯ ಧ್ವನಿಮುದ್ರಣ ಸಂಸ್ಥೆಗಳಲ್ಲಿ ಮನ್ನಣೆ ಸಿಗದಾದಾಗ ಶಿವೊಲಿಯ ಮನೆಯಲ್ಲಿಯೇ ಒಂದು ಸಣ್ಣ ಧ್ವನಿಮುದ್ರಣ ಯಂತ್ರವನ್ನು ಇಟ್ಟುಕೊಂಡರು. ವಾದ್ಯಗಳನ್ನು ಒಬ್ಬರೇ ನುಡಿಸಿ, ಕಂಠಗಳನ್ನೆಲ್ಲ ಒಬ್ಬರೇ ಹಾಡಿ, ಹೊದಿಕೆಯ ಚಿತ್ರವನ್ನೂ ತಾವೇ ಬರೆದು, 1984ರಲ್ಲಿ 'ಗೋವನ್ ಕ್ರೇಜಿ' ಎಂಬ ಕ್ಯಾಸೆಟ್ಟನ್ನು ಹೊರತಂದರು. ಅದನ್ನು ಸ್ಕೂಟರಿನಲ್ಲಿ ಹೇರಿಕೊಂಡು ಅಂಗಡಿ ಅಂಗಡಿಗೆ ಒಯ್ದು ಕೊಟ್ಟವರೂ ಅವರೇ. ಮರುವರ್ಷ ಗೋವೆಯ ಹಳೆಯ ಹಾಡುಗಳ 'ಓಲ್ಡ್ ಗೋವನ್ ಗೋಲ್ಡ್' ಬಂತು. 1986ರ 'ಪ್ಯಾಕ್ ದಟ್ ಸ್ಮ್ಯಾಕ್' ಹೊತ್ತಿಗೆ ಅವರ ಹೆಸರು ದೇಶವೆಲ್ಲ ಹಬ್ಬತೊಡಗಿತ್ತು. ಅದರ ಶೀರ್ಷಿಕೆಯ ಹಾಡು ಮಾದಕ ದ್ರವ್ಯದ ವಿರುದ್ಧ ಎಚ್ಚರಿಸುವಂಥದು. ಗೋವೆಯ ಕರಾವಳಿಯನ್ನು ಬಲ್ಲವರಿಗೆ ಅದರ ಅಗತ್ಯವನ್ನು ವಿವರಿಸಬೇಕಾಗಿಲ್ಲ. ಸಿನಿಮಾ ಹಾಡುಗಳೂ ದೊಡ್ಡ ಸಂಸ್ಥೆಗಳ ಕರೆಯೂ ಬಂದದ್ದು ಇವುಗಳ ಬೆನ್ನಿಗೆ. 2007ರಲ್ಲಿ ಪದ್ಮಶ್ರೀ ದೊರೆಯಿತು.

ಅವರ ಸಂಗೀತವನ್ನು 'ಕಲಬೆರಕೆ' ಎಂದು ಮೂಗು ಮುರಿಯುವವರಿದ್ದಾರೆ. ಪಾಶ್ಚಾತ್ಯ ರಾಕ್, ಪೋರ್ಚುಗೀಸರ ಧಾಟಿ, ಲ್ಯಾಟಿನ್ ಅಮೆರಿಕದ ತಾಳ, ಕೊಂಕಣಿಯ ಜಾನಪದ, ನಡುವೆ ಭಾರತೀಯ ಕೊಳಲು, ಇವೆಲ್ಲ ಒಂದೆಡೆ ಸೇರಿದರೆ ಯಾವುದೂ ಉಳಿಯುವುದಿಲ್ಲವೆಂಬುದು ಅವರ ವಾದ. ಈ ವಾದ ನಮಗೆ ಒಪ್ಪಿಗೆಯಾಗದು. ನಾವು 'ಶುದ್ಧ'ವೆಂದು ಕೊಂಡಾಡುವ ಮಾಂಡೊ ತಾನೇ ಎಂಥದು? ಹತ್ತೊಂಬತ್ತನೆಯ ಶತಮಾನದ ಗೋವೆಯ ಕ್ರೈಸ್ತ ಮನೆತನಗಳಲ್ಲಿ ಅರಳಿದ ಈ ಪ್ರಕಾರದಲ್ಲಿ ಕೊಂಕಣಿ ಮಾತಿದೆ, ಪಾಶ್ಚಾತ್ಯ ಸ್ವರಮೇಳವಿದೆ. ಒಂದು ಪಕ್ಕದಲ್ಲಿ ಪಿಟೀಲು, ಇನ್ನೊಂದು ಪಕ್ಕದಲ್ಲಿ ಮಣ್ಣಿನ ಗುಮಟೆ. ಆ ಗುಮಟೆಯನ್ನು ಹಿಂದೂಗಳೂ ಕ್ರೈಸ್ತರೂ ಬಾರಿಸುತ್ತಾರೆ. ಉಡದ ಚರ್ಮದ ಬಳಕೆ ಕಾನೂನಿನಿಂದ ನಿಷಿದ್ಧವಾದ ಮೇಲೆ ಆಡಿನ ಚರ್ಮ ಬಿಗಿದ ಗುಮಟೆಯನ್ನೇ 2019ರಲ್ಲಿ ಗೋವಾ ಸರಕಾರವು ರಾಜ್ಯದ ಪಾರಂಪರಿಕ ವಾದ್ಯವೆಂದು ಸಾರಿತು. ರೇಮೊ ಅವರ ಶಿವೊಲಿಯಲ್ಲಿಯೇ ಕ್ರಿಸ್‌ಮಸ್ ಕಳೆದ ಬಳಿಕ ಹಿಂದೂಗಳೂ ಕ್ರೈಸ್ತರೂ ಕೂಡಿ ಇರುಳಿಡೀ 'ಜಾಗರ್' ನಡೆಸುವ ಸಂಪ್ರದಾಯವಿದೆ. ಇಂಥ ಊರಿನಲ್ಲಿ ಬೆಳೆದವನ ಕಿವಿಗೆ ಒಂದೇ ಪರಂಪರೆ ಸಾಕೆನಿಸಬೇಕೆಂದು ನಿರೀಕ್ಷಿಸುವುದೇ ಅಸಹಜ.

ರೇಮೊ ಅವರ ಎಲ್ಲ ಹಾಡುಗಳೂ ನಮಗೆ ಮೆಚ್ಚಿಕೆಯಾಗಿವೆಯೆಂದಲ್ಲ. ಅವು ಬಲಿಪೀಠದ ಬಳಿ ಹಾಡಲು ಬರೆದವೂ ಅಲ್ಲ. ನಮ್ಮ ಗಮನ ಸೆಳೆಯುವುದು ಬೇರೊಂದು ಸಂಗತಿ.

ಗೋವೆಯ ಧರ್ಮಕೇಂದ್ರಗಳ ಶಾಲೆಗಳು ತಲೆಮಾರುಗಳ ಕಾಲ ಮಕ್ಕಳಿಗೆ ಸ್ವರಲಿಪಿಯನ್ನೂ ಪಿಟೀಲನ್ನೂ ಕಲಿಸಿದವು. ಅಲ್ಲಿ ಕಲಿತವರು ಹೊಟ್ಟೆಪಾಡಿಗಾಗಿ ಮುಂಬೈ ಸೇರಿ ಹಿಂದಿ ಚಲನಚಿತ್ರ ಸಂಗೀತದ ಬೆನ್ನೆಲುಬಾದರು. ಸೆಬಾಸ್ಟಿಯನ್ ಡಿ'ಸೋಜ, ಫ್ರ್ಯಾಂಕ್ ಫೆರ್ನಾಂಡ್, ಚಿಕ್ ಚಾಕಲೇಟ್ ಮೊದಲಾದವರ ಹೆಸರು ಇಂದು ಎಷ್ಟು ಮಂದಿಗೆ ಗೊತ್ತು? ರಾಗ ನಿರ್ದೇಶಕನ ಹೆಸರು ಪರದೆಯ ಮೇಲೆ ಮೆರೆಯಿತು. ವಾದ್ಯಮೇಳವನ್ನು ಕಟ್ಟಿದವರ ಹೆಸರು ಹಿಂದೆ ಸರಿಯಿತು. ನುಡಿಸಿದವರ ಹೆಸರು ಬಹುಪಾಲು ಬರಲೇ ಇಲ್ಲ. ಮಜೋರ್ಡಾ ಗ್ರಾಮದ ಆಂಟನಿ ಗೊನ್ಸಾಲ್ವಿಸರ ಕಥೆ ಇನ್ನೂ ವಿಚಿತ್ರ. ಭಾರತೀಯ ರಾಗಗಳನ್ನು ಪಾಶ್ಚಾತ್ಯ ವಾದ್ಯವೃಂದಕ್ಕೆ ಒಗ್ಗಿಸಬೇಕೆಂಬ ಹಂಬಲದಿಂದ ಅವರು 1958ರಲ್ಲಿ ಮುಂಬೈಯ ಸಂತ ಕ್ಸೇವಿಯರ್ ಕಾಲೇಜಿನ ಅಂಗಳದಲ್ಲಿ ಭಾರಿ ವಾದ್ಯವೃಂದವೊಂದನ್ನು ನುಡಿಸಿದರು. ಆ ಪ್ರಯತ್ನ ಬಹುಕಾಲ ಬಾಳಲಿಲ್ಲ. 1977ರ 'ಅಮರ್ ಅಕ್ಬರ್ ಆಂಟನಿ' ಚಿತ್ರದಲ್ಲಿ ಅವರ ಶಿಷ್ಯ ಪ್ಯಾರೇಲಾಲರು ಗುರುವಿನ ಹೆಸರನ್ನೇ ಒಂದು ಹಾಡಿಗೆ ತಂದರು. ದೇಶವೇ ಆ ಹೆಸರನ್ನು ಗುನುಗಿತು. ಅದು ಪಿಟೀಲು ಕಲಿಸುತ್ತಿದ್ದ ಒಬ್ಬ ನಿಜವಾದ ಮನುಷ್ಯನ ಹೆಸರೆಂದು ಗುನುಗಿದ ಹೆಚ್ಚಿನವರು ಅರಿಯರು!

ರೇಮೊ ಈ ಸಾಲನ್ನು ಮುರಿದರು. ಅದೇ ನೆಲದ, ಅದೇ ಬೆರೆತ ಸಂಗೀತವನ್ನು ಅವರು ಇನ್ನೊಬ್ಬರ ಹೆಸರಿನ ಹಿಂದೆ ನಿಲ್ಲಿಸದೆ ತಮ್ಮ ಹೆಸರಿನಲ್ಲಿ, ತಮ್ಮ ಊರಿನಿಂದಲೇ ಹೊರಡಿಸಿದರು.

ಶತಮಾನಗಳ ಹಿಂದೆ ಗೋವೆಯಿಂದ ಬಂದು ತುಳುನಾಡಿನಲ್ಲಿ ನೆಲೆಸಿದ ಕುಟುಂಬಗಳ ಸಂತತಿಯಾದ ನಮಗೆ ಇದರಲ್ಲಿ ಕಲಿಯುವುದಿಲ್ಲವೆ? ಇಲ್ಲಿ ಕೆಲಸ ನಡೆದೇ ಇಲ್ಲವೆಂದು ನಾವು ಹೇಳಲಾರೆವು. ವಿಲ್ಫಿ ರೆಬಿಂಬಸರು ತಾವೇ ಬರೆದು, ತಾವೇ ಹಾಡಿ 'ಕೊಂಕಣ್ ಕೋಗುಳ್' ಎನಿಸಿಕೊಂಡು 2010ರಲ್ಲಿ ನಮ್ಮನ್ನಗಲಿದರು. 1986ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಮಾಂಡ್ ಸೊಭಾಣ್ ಕೊಂಕಣಿ ಗಾಯನಕ್ಕೆ ತನ್ನದೇ ಛಾಪು ಇದೆಯೇ ಎಂದು ಹುಡುಕಿ ಹೊರಟು, 2008ರಲ್ಲಿ ಸತತ 40 ಗಂಟೆಗಳ ಗಾಯನದಿಂದ ಗಿನ್ನೆಸ್ ದಾಖಲೆ ಬರೆಯಿತು. ಹೀಗಿದ್ದರೂ ಧರ್ಮಕೇಂದ್ರದ ಮಟ್ಟಕ್ಕೆ ಇಳಿದಾಗ ಚಿತ್ರ ಬದಲಾಗುತ್ತದೆ. ಜನಪ್ರಿಯ ರಾಗಕ್ಕೆ ಭಕ್ತಿಯ ಮಾತು ಹೊಂದಿಸಿ ಹಾಡಿಸುವುದು ರೂಢಿಯಾಗಿದೆ. ರೋಸಿನ ಮನೆಯಲ್ಲಿ ಊಟದ ಗುತ್ತಿಗೆದಾರನಿಗೆ ಮುಂಗಡ ಹಣ ಸಲ್ಲುತ್ತದೆ. ಹಾಡುವ ಹುಡುಗನಿಗೆ 'ನಮ್ಮವನೇ ಅಲ್ಲವೇ' ಎಂಬ ಮಾತು ಸಲ್ಲುತ್ತದೆ. ಸ್ವಂತ ಹಾಡು ತಂದರೆ, ಎಲ್ಲರಿಗೂ ಗೊತ್ತಿರುವುದನ್ನೇ ಹಾಡು ಎನ್ನುತ್ತೇವೆ.

ಹಾಗೆನ್ನಲು ಧರ್ಮಸಭೆಯ ಬೋಧನೆಯಲ್ಲಂತೂ ಆಧಾರವಿಲ್ಲ. ತಮ್ಮದೇ ಸಂಗೀತ ಪರಂಪರೆಯುಳ್ಳ ಜನಾಂಗಗಳ ನಡುವೆ ಆ ಪರಂಪರೆಗೆ ತಕ್ಕ ಸ್ಥಾನ ಕೊಡಬೇಕೆಂದು ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಆರಾಧನಾವಿಧಿಯ ಶಾಸನದಲ್ಲಿಯೇ ವಿಧಿಸಿದೆ. ಪೂಜೆಯೊಳಗೆ ಏನು ಸಲ್ಲುತ್ತದೆ ಎಂಬುದನ್ನು ಧರ್ಮಾಧ್ಯಕ್ಷರು ನಿರ್ಧರಿಸಲಿ. ಚರ್ಚಿನ ಸಭಾಂಗಣ, ವಾರ್ಷಿಕ ಹಬ್ಬದ ವೇದಿಕೆ, ಯುವಸಂಘಟನೆಯ ಸಂಜೆ, ಇವು ನಮ್ಮ ಕೈಯಲ್ಲಿಯೇ ಇವೆ.

ಮೊಂತಿ ಫೆಸ್ತಿನ ಸಿದ್ಧತೆಗಾಗಿ ಪ್ರತಿ ವರ್ಷ ಸಮಿತಿಗಳು ಸೇರುತ್ತವೆ. ನವೇನದ ಒಂದು ಸಂಜೆಯ ಕಾರ್ಯಕ್ರಮವನ್ನು ಧರ್ಮಕೇಂದ್ರದವರೇ ಆದ ಒಬ್ಬರ ಸ್ವಂತ ಹಾಡುಗಳಿಗೆ ಬಿಟ್ಟುಕೊಡಲು, ಅವರಿಗೆ ಸಲ್ಲಬೇಕಾದ ಸಂಭಾವನೆಯನ್ನು ಖರ್ಚಿನ ಪಟ್ಟಿಯಲ್ಲಿ ಬ್ಯಾಂಡಿನವರ ಸಾಲಿನ ಪಕ್ಕದಲ್ಲಿಯೇ ಬರೆಯಲು ಆ ಸಮಿತಿಗಳಿಗೆ ಕಷ್ಟವಾಗದು. ಹಾಡಿನ ಪುಸ್ತಿಕೆ ಅಚ್ಚಿಗೆ ಹೋಗುವ ಮುನ್ನ ಪ್ರತಿಯೊಂದು ಹಾಡಿನ ಕೆಳಗೆ, ಬರೆದವರು ಯಾರು, ರಾಗ ಹಾಕಿದವರು ಯಾರು ಎಂದು ವಿಚಾರಿಸಿ ನಮೂದಿಸುವಂತೆಯೂ ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇವೆ.