ಅತಿಶೈತ್ಯವನ್ನಳೆಯುವ ಸಾಧನ

ಪ್ರಯೋಗಶಾಲೆಗೆ ಕೊಡುವ ಗಂಟೆಗಳನ್ನು ಕಡಿಮೆಮಾಡಿ, ಆ ಹೊತ್ತನ್ನು ಪರೀಕ್ಷೆಯ ಪಾಠಗಳಿಗೆ ಏಕೆ ಕೊಡಬಾರದೆಂದು ಪೋಷಕರಲ್ಲಿ ಕೆಲವರು ಕೇಳುತ್ತಿರುವರು. ಅದಕ್ಕುತ್ತರವಾಗಿ ಒಂದು ಉಷ್ಣಮಾಪಕದ ವೃತ್ತಾಂತವನ್ನು ಅವರ ಮುಂದಿಡಲಪೇಕ್ಷಿಸುತ್ತೇನೆ.

ಜ್ವರ ನೋಡುವ ಪಾದರಸದ ಕೊಳವೆಯನ್ನು ತಾಯಂದಿರೆಲ್ಲರೂ ಬಲ್ಲರು. ಆದರೆ ಪಾದರಸವು ಸೊನ್ನೆಗಿಂತ ಸುಮಾರು 39 ಡಿಗ್ರಿ ಕೆಳಗೆ ತಾನೇ ಹೆಪ್ಪುಗಟ್ಟುವುದು. ಶೈತ್ಯದ ಕಟ್ಟಕಡೆಯ ಮೇರೆಯಾದರೋ ಸೊನ್ನೆಗಿಂತ 273.15 ಡಿಗ್ರಿ ಕೆಳಗಿರುವುದು; ಅದೇ ಕೆಲ್ವಿನ್ ಮಾನದ ಸೊನ್ನೆ. ಆ ಮೇರೆಯ ಬಳಿಯಲ್ಲಿ ಅಳೆಯುವುದು ಹೇಗೆ?

1994ರಲ್ಲಿ ಫಿನ್ಲೆಂಡಿನ ಯುವಾಸ್ಕುಲಾ ವಿಶ್ವವಿದ್ಯಾನಿಲಯದ ಯುಕ್ಕಾ ಪೆಕೋಲಾ ಎಂಬವರೂ ಅವರ ಸಂಗಡಿಗರೂ ಇದಕ್ಕೊಂದು ಉಪಾಯವನ್ನು ಪ್ರಕಟಿಸಿದರು. ಅತಿ ಸೂಕ್ಷ್ಮವಾದ ಲೋಹದ ದ್ವೀಪಗಳನ್ನು ಸಾಲಾಗಿಟ್ಟು, ನಡುನಡುವೆ ಕೆಲವೇ ಪರಮಾಣುಗಳಷ್ಟು ದಪ್ಪದ ವಿದ್ಯುನ್ನಿರೋಧಕ ಪೊರೆಯನ್ನಿಡುವರು. ಎಲೆಕ್ಟ್ರಾನುಗಳು ಸುರಂಗದಲ್ಲಿ ನುಸುಳಿದಂತೆ ಈ ಪೊರೆಯನ್ನು ದಾಟುವುವು. ದ್ವೀಪಕ್ಕೆ ಬಂದ ಒಂದು ಎಲೆಕ್ಟ್ರಾನು ಮುಂದೆ ಬರುವುದನ್ನು ತಡೆಯುವುದರಿಂದ, ವೋಲ್ಟೇಜು ಸೊನ್ನೆಯ ಸಮೀಪದಲ್ಲಿರುವಾಗ ವಿದ್ಯುತ್ತಿನ ಹರಿವು ತುಸು ಕುಗ್ಗಿ, ನಕ್ಷೆಯಲ್ಲಿ ಒಂದು ತಗ್ಗು ಕಾಣುವುದು. ಉಷ್ಣವು ಇಮ್ಮಡಿಯಾದರೆ ಆ ತಗ್ಗಿನ ಅಗಲವೂ ಇಮ್ಮಡಿಯಾಗುವುದು. ಇಪ್ಪತ್ತು ಸಂಧಿಗಳ ಸಾಲಿನಲ್ಲಿ 1 ಕೆಲ್ವಿನ್‌ಗೆ, ಅರ್ಧ ಆಳದಲ್ಲಿ ಅದರ ಅಗಲವು ಸುಮಾರು 9.4 ಮಿಲಿವೋಲ್ಟ್.

ಇದರ ವಿಶೇಷವೇನೆಂದರೆ, ಈ ಲೆಕ್ಕಕ್ಕೆ ಬೇಕಾದುದು ಸಂಧಿಗಳ ಸಂಖ್ಯೆ, ಎಲೆಕ್ಟ್ರಾನಿನ ವಿದ್ಯುದಂಶ, ಬೋಲ್ಟ್ಸ್‌ಮನ್ನರ ಸ್ಥಿರಾಂಕ ಇವಿಷ್ಟೇ. ಕಡೆಯ ಎರಡರ ಬೆಲೆಗಳು 2019ನೆಯ ಮೇ 20ರಿಂದ ಲೋಕಕ್ಕೆಲ್ಲ ನಿಶ್ಚಿತವಾಗಿವೆ. ಆದುದರಿಂದ ಈ ಮಾಪಕಕ್ಕೆ ಗುರುತು ಹಾಕಲು ಮತ್ತೊಂದು ಉಷ್ಣಮಾಪಕವು ಬೇಕಿಲ್ಲ. ಆದರೂ ಒಂದೆಚ್ಚರಿಕೆಯುಂಟು: ಇದು ತಿಳಿಸುವುದು ತನ್ನೊಳಗಿನ ಎಲೆಕ್ಟ್ರಾನುಗಳ ಉಷ್ಣವನ್ನು ಮಾತ್ರ. ಅತಿಶೈತ್ಯದಲ್ಲಿ ಅವು ಸುತ್ತಲಿನ ಲೋಹಕ್ಕಿಂತ ಬೆಚ್ಚಗಿರಬಹುದು. ಅಳೆಯುವವರು ತಾವು ಏನನ್ನು ಅಳೆಯುತ್ತಿರುವೆವೆಂಬುದನ್ನು ಅರಿತಿರಬೇಕು.

ಈ ಅರಿವು ಬಾಯಿಪಾಠದಿಂದ ಬರುವುದೇ? ಗುರುತಿಲ್ಲದ ಕೊಳವೆಯೊಂದನ್ನು ಕರಗುವ ಮಂಜುಗಡ್ಡೆಯಲ್ಲಿಯೂ ಕುದಿಯುವ ನೀರಿನ ಹಬೆಯಲ್ಲಿಯೂ ಇಟ್ಟು, ಸೊನ್ನೆಯನ್ನೂ ನೂರನ್ನೂ ತನ್ನ ಕೈಯಾರೆ ಗುರುತಿಸಿದ ಹುಡುಗಿಯು, ಆ ಅಂಕೆಗಳು ಎಲ್ಲಿಂದ ಬಂದವೆಂಬುದನ್ನು ಬಲ್ಲಳು. ನಾಳೆ ಮಗುವಿನ ಜ್ವರವನ್ನಾಗಲಿ, ಔಷಧದ ಪ್ರಮಾಣವನ್ನಾಗಲಿ, ಅಂಗಡಿಯ ತಕ್ಕಡಿಯನ್ನಾಗಲಿ ಪರೀಕ್ಷಿಸದೆ ನಂಬಳು. ಪರೀಕ್ಷೆಯ ಅಂಕಗಳು ಬೇಡವೆಂದು ನಾನು ಹೇಳುವುದಿಲ್ಲ; ಆದರೆ ಅವುಗಳಿಗಾಗಿ ಈ ವಿವೇಕವನ್ನು ತೆರುವುದು ನಷ್ಟದ ವ್ಯಾಪಾರವು. ಆದುದರಿಂದ ಪ್ರಯೋಗಶಾಲೆಯ ಗಂಟೆಗಳು ಇದ್ದಂತೆಯೇ ಇರಲೆಂಬುದು ನನ್ನ ದೃಢವಾದ ಅಭಿಪ್ರಾಯವು. ಇದಕ್ಕೆ ತಮ್ಮೆಲ್ಲರ ಬೆಂಬಲವನ್ನು ಬೇಡುತ್ತೇನೆ.