ಮಾರ್ಗಯ್ಯನಿಗೆ ಹೆಸರಿಟ್ಟವರು ಯಾರು?

ಕತೆಗಾರರು ಸಿಕ್ಕಾಗ ಓದುಗರು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: ಪಾತ್ರಗಳಿಗೆ ಹೆಸರು ಹೇಗೆ ಹುಡುಕುತ್ತೀರಿ? ಪ್ರಶ್ನೆ ಸುಲಭದ್ದಾಗಿ ಕಾಣುತ್ತದೆ. ಆದರೆ ನಮ್ಮ ಕಡೆ ಹೆಸರು ಬರೀ ಕೂಗಿ ಕರೆಯಲು ಇರುವಂಥದ್ದಲ್ಲ. ಕುಟ್ಟಪ್ಪ ಎಂದರೆ ಕೊಡಗು, ದೂಮಪ್ಪ ಎಂದರೆ ಕರಾವಳಿ, ಗುರುಬಸಪ್ಪ ಎಂದರೆ ಮನೆತನದ ಮತ ಥಟ್ಟನೆ ಹೊಳೆಯುತ್ತದೆ. ವಯಸ್ಸೂ ಅದರಲ್ಲೇ ಗೊತ್ತಾಗುತ್ತದೆ. 1940ರ ಹಳ್ಳಿಯ ಅಜ್ಜಿಗೆ ಶ್ರೇಯಾ ಎಂದು ಹೆಸರಿಟ್ಟರೆ ಓದುಗ ಅಲ್ಲೇ ಪುಸ್ತಕ ಮಡಚಿಡುತ್ತಾನೆ. ಹೆಸರು ಬರೆದ ಕೂಡಲೇ ಜಾತಿ, ಸೀಮೆ, ಕಾಲ ಮೂರೂ ಬಯಲಾಗುತ್ತವೆ. ಅದರಲ್ಲಿ ಎಷ್ಟನ್ನು ಬಿಟ್ಟುಕೊಡಬೇಕು ಎಂಬುದೇ ಬರೆಯುವವನ ಮುಂದಿರುವ ಲೆಕ್ಕ.

ಈ ಲೆಕ್ಕವನ್ನು ಜಾಣತನದಿಂದ ಬಿಡಿಸಿದವರು ಮದ್ರಾಸಿನಲ್ಲಿ ಹುಟ್ಟಿ ಮೈಸೂರಿನಲ್ಲಿ ನೆಲೆನಿಂತ ಆರ್.ಕೆ. ನಾರಾಯಣ್. 1906ರಲ್ಲಿ ಹುಟ್ಟಿದ ಅವರು ಅಜ್ಜಿಯ ಆಸರೆಯಲ್ಲಿ ಬೆಳೆದದ್ದು ಪುರಸವಾಕ್ಕಂನ ವೆಳ್ಳಾಳ ಬೀದಿಯಲ್ಲಿ. ಬೀದಿಯ ಹೆಸರಲ್ಲೇ ಒಂದು ಜಾತಿ ಇದೆ, ಗಮನಿಸಿ. ಮದ್ರಾಸಿಗೆ ಹತ್ತಿರದ ಚೆಂಗಲ್ಪಟ್ಟಿನಲ್ಲಿ 1929ರಲ್ಲಿ ಸೇರಿದ ಜಾತಿವಿರೋಧಿ ಸ್ವಾಭಿಮಾನ ಚಳವಳಿಯ ಸಮ್ಮೇಳನ ಹೆಸರಿನ ಕೊನೆಯ ಜಾತಿಸೂಚಕವನ್ನು ಕೈಬಿಡಿ ಎಂದು ಕರೆಕೊಟ್ಟಿತು. ನಾರಾಯಣ್ ಚಳವಳಿಗಾರರಲ್ಲ. ಆದರೂ ಅವರ ಪಾತ್ರಗಳ ಹೆಸರಿಗೆ ಅಂಥ ಬಾಲ ಕಡಿಮೆ.

ಅವರು ಹಿಡಿದ ದಾರಿ ಬೇರೆ. ಅಪ್ಪ ಅಮ್ಮ ಇಟ್ಟ ಹೆಸರನ್ನು ಬದಿಗಿಟ್ಟು, ಊರು ಕರೆಯುವ ಹೆಸರನ್ನು ಎತ್ತಿಕೊಂಡರು. ‘ದಿ ಫೈನಾನ್ಶಿಯಲ್ ಎಕ್ಸ್‌ಪರ್ಟ್’ (1952) ಕಾದಂಬರಿಯ ನಾಯಕ ಸಹಕಾರಿ ಬ್ಯಾಂಕಿನ ಎದುರಿನ ಆಲದ ಮರದಡಿ ತಗಡಿನ ಪೆಟ್ಟಿಗೆ ಇಟ್ಟುಕೊಂಡು, ರೈತರಿಗೆ ಸಾಲ ಸಿಗುವ ದಾರಿ ತೋರಿಸಿ ಕಾಸು ಗಿಟ್ಟಿಸುವವನು. ಹುಟ್ಟಿದಾಗ ಇಟ್ಟ ಹೆಸರು ಕೃಷ್ಣ. ಅದು ಯಾರಿಗೂ ನೆನಪಿಲ್ಲ. ಕಾಗದಪತ್ರಗಳಿಗೂ ಅವನು ಮಾರ್ಗಯ್ಯ ಎಂದೇ ಸಹಿ ಹಾಕುತ್ತಾನೆ. ಅವರ ಮೊದಲ ಕಾದಂಬರಿಯ ಹುಡುಗ ಸ್ವಾಮಿಯ ಗೆಳೆಯ ಸ್ಯಾಮ್ಯುಯೆಲ್ ಗಿಡ್ಡ, ಹಾಗಾಗಿ ‘ಬಟಾಣಿ’. ಸ್ವಾಮಿಯೂ ಕ್ರಿಕೆಟ್ ಆಡುವಾಗ ಇಂಗ್ಲೆಂಡಿನ ಬೌಲರನ ಹೆಸರು ಹೊತ್ತು ‘ಟೇಟ್’ ಆಗುತ್ತಾನೆ. ‘ದಿ ಗೈಡ್’ನಲ್ಲಿ (1958) ರೋಸಿಯ ಗಂಡ ದಪ್ಪ ಕನ್ನಡಕ, ದಪ್ಪ ಕೋಟು, ಹ್ಯಾಟು ಏರಿಸಿಕೊಂಡು ದೇಶ ಸುತ್ತಲು ಹೊರಟವನಂತೆ ರೈಲಿಳಿಯುತ್ತಾನೆ. ಗೈಡ್ ರಾಜು ಅವನಿಗೆ ಮಾರ್ಕೊ ಪೋಲೊನ ಹೆಸರು ಅಂಟಿಸಿಬಿಡುತ್ತಾನೆ. ಕೊನೆಯವರೆಗೂ ನಮಗೆ ಅವನು ಮಾರ್ಕೊ. ಇಂಥ ಹೆಸರಿಗೆ ಜಾತಿಯ ವಾಸನೆ ಇಲ್ಲ. ಆ ಮನುಷ್ಯ ಊರಿನ ಕಣ್ಣಿಗೆ ಹೇಗೆ ಬಿದ್ದ ಎಂಬುದಷ್ಟೇ ಅದರಲ್ಲಿರುತ್ತದೆ.

ಅದೇ ಕಾದಂಬರಿಯ ರೋಸಿ ಇನ್ನೂ ಕುತೂಹಲದ ಪಾತ್ರ. ದೇವದಾಸಿ ಮನೆತನದವಳು, ಎಂ.ಎ. ಓದಿದವಳು. ದೇವಿ, ಮೀನಾ, ಲಲಿತಾ ಎಂದೇನಾದರೂ ಇರಬಾರದಿತ್ತೇ ಎಂದು ರಾಜುವಿಗೇ ಅಚ್ಚರಿ. ಅವಳನ್ನು ನರ್ತಕಿಯಾಗಿ ವೇದಿಕೆ ಹತ್ತಿಸುವ ಹೊತ್ತಿಗೆ ಹೊಸ ಹೆಸರಿನ ಚರ್ಚೆ ಏಳುತ್ತದೆ. ಅವಳು ಮೀನಾ ಕುಮಾರಿ ಎನ್ನುತ್ತಾಳೆ, ಅವನು ಒಪ್ಪುವುದಿಲ್ಲ. ತಲೆ ಕೆರೆದುಕೊಂಡು ಕಡೆಗೆ ನಳಿನಿ ಎಂದು ತೀರ್ಮಾನಿಸುತ್ತಾನೆ: ಚಿಕ್ಕದು, ಸೊಗಸಿದೆ, ಎಲ್ಲಿಯೂ ಸಲ್ಲುತ್ತದೆ, ಮರೆಯುವುದಿಲ್ಲ. ಪಾತ್ರಕ್ಕೆ ಹೆಸರಿಡುವ ಲೇಖಕನ ಕಷ್ಟವನ್ನೇ ನಾರಾಯಣ್ ಇಲ್ಲಿ ರಾಜುವಿನ ತಲೆಗೆ ಕಟ್ಟಿದ್ದಾರೆ ಎಂದು ನನ್ನ ಗುಮಾನಿ. ರಾಜು ವ್ಯಾಪಾರಿ, ಹೆಸರು ಪೋಸ್ಟರಿನ ಮೇಲೆ ಹೇಗೆ ಕಾಣುತ್ತದೆ ಎಂಬುದೂ ಅವನಿಗೆ ಮುಖ್ಯ.

ಪೋಸ್ಟರಿನ ಈ ಲೆಕ್ಕ ನಾರಾಯಣ್ ಅವರ ಮೈಮೇಲೂ ಬಂದದ್ದುಂಟು. ಅವರ ಪೂರ್ತಿ ಹೆಸರು ರಾಸಿಪುರಂ ಕೃಷ್ಣಸ್ವಾಮಿ ಅಯ್ಯರ್ ನಾರಾಯಣಸ್ವಾಮಿ. 1935ರಲ್ಲಿ ಮೊದಲ ಪುಸ್ತಕ ಲಂಡನ್ನಿನಲ್ಲಿ ಅಚ್ಚಾಗುವಾಗ ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಸಲಹೆಯಂತೆ ಅದು ಆರ್.ಕೆ. ನಾರಾಯಣ್ ಆಯಿತು, ‘ಸ್ವಾಮಿ, ದಿ ಟೇಟ್’ ಎಂದಿದ್ದ ಕಾದಂಬರಿ ‘ಸ್ವಾಮಿ ಆ್ಯಂಡ್ ಫ್ರೆಂಡ್ಸ್’ ಆಯಿತು. (ವ್ಯಂಗ್ಯಚಿತ್ರಕಾರ ತಮ್ಮ ಲಕ್ಷ್ಮಣ್ ಈ ತಾಪತ್ರಯವೇ ಬೇಡವೆಂಬಂತೆ ತನ್ನ ಶ್ರೀಸಾಮಾನ್ಯನಿಗೆ ಹೆಸರನ್ನೇ ಇಡಲಿಲ್ಲ.)

ಆದರೆ ಊರು ಕರೆಯುವ ಹೆಸರಿನ ಉಪಾಯ ಎಲ್ಲ ಕತೆಗೂ ಒಗ್ಗುವುದಿಲ್ಲ. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ಪ್ರಾಣೇಶಾಚಾರ್ಯರಿಗೆ ನಾಗರಾಜ ಎಂದು ಹೆಸರಿಟ್ಟರೆ ಕಾದಂಬರಿಯೇ ಕುಸಿಯುತ್ತದೆ. ಆ ಹೆಸರು ಮಾಧ್ವ ಅಗ್ರಹಾರದ್ದೇ ಆಗಬೇಕು. ಸುತ್ತ ಗರುಡಾಚಾರ್ಯ, ಲಕ್ಷ್ಮಣಾಚಾರ್ಯ, ದಾಸಾಚಾರ್ಯರ ಗುಂಪಿದೆ. ಕಟ್ಟಳೆ ಮುರಿದು ಸತ್ತವನೊಬ್ಬ ಮಾತ್ರ ಬರೀ ನಾರಣಪ್ಪ. ಲೇಖಕರು ಬೇಕೆಂದೇ ಹೀಗೆ ಮಾಡಿದರೋ ಇಲ್ಲವೋ, ಓದುವಾಗ ಈ ವ್ಯತ್ಯಾಸ ಕೆಲಸ ಮಾಡುತ್ತದೆ. ದೂರ್ವಾಸಪುರ ಕಲ್ಪಿತ ಊರು. ಆದರೆ ಜಾತಿ ಎದ್ದು ಕಂಡ ಮೇಲೆ ಊರು ಕಲ್ಪಿತವಾಗಿದ್ದೂ ಪ್ರಯೋಜನವಾಗಲಿಲ್ಲ: ಸಿನಿಮಾ ಆದಾಗ ಮೊದಲು ತಡೆದದ್ದು ಮದ್ರಾಸಿನ ಸೆನ್ಸಾರ್ ಮಂಡಳಿ.

ಊರಿನ ಹೆಸರೂ ಪಾತ್ರದ ಹೆಸರಿನಷ್ಟೇ ಭಾರದ್ದು. ತಮ್ಮ ಕತೆಗಳ ಊರಿಗೆ ಮಾಲ್ಗುಡಿ ಎಂಬ ಹೆಸರು ನಾರಾಯಣ್‌ಗೆ ಹೊಳೆದದ್ದು 1930ರ ವಿಜಯದಶಮಿಯಂದು, ಬೆಂಗಳೂರಿನಲ್ಲಿ. ಮಲ್ಲೇಶ್ವರ, ಬಸವನಗುಡಿ ಎರಡನ್ನೂ ಕೂಡಿಸಿದ್ದು ಎಂದು ಬೆಂಗಳೂರಿಗರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಏನೇ ಇರಲಿ, ನಕಾಶೆಯಲ್ಲಿ ಇಲ್ಲದ ಊರಾದ್ದರಿಂದ ‘ಇದು ನಮ್ಮ ಮನೆಯ ಕತೆ’ ಎಂದು ಯಾರೂ ದೊಣ್ಣೆ ಹಿಡಿದು ಬರಲಿಲ್ಲ.

ತಮಿಳು ಕಾದಂಬರಿಕಾರ ಪೆರುಮಾಳ್ ಮುರುಗನ್ ಅವರಿಗೆ ಆ ರಕ್ಷಣೆ ಇರಲಿಲ್ಲ. ನಾರಾಯಣ್ ಹೆಸರಿನ ಮೊದಲಕ್ಷರದ ರಾಸಿಪುರಂ ಇಂದು ನಾಮಕ್ಕಲ್ ಜಿಲ್ಲೆಯಲ್ಲಿದೆ. ಅದೇ ಜಿಲ್ಲೆಯ ತಿರುಚೆಂಗೋಡನ್ನು ಮುರುಗನ್ 2010ರ ‘ಮಾದೊರುಬಾಗನ್’ ಕಾದಂಬರಿಯಲ್ಲಿ ಹೆಸರು ಹಿಡಿದೇ ಬರೆದರು. ನಾಲ್ಕು ವರ್ಷದ ಮೇಲೆ ಊರೂ ಕತೆಯಲ್ಲಿ ಬರುವ ಸಮುದಾಯವೂ ತಿರುಗಿಬಿದ್ದವು. 2015ರ ಜನವರಿಯಲ್ಲಿ ಅವರು ತನ್ನೊಳಗಿನ ಲೇಖಕ ಸತ್ತನೆಂದು ಸಾರಿದರು. 2016ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಮತ್ತೆ ಬರೆಯಲು ಕೂತಾಗ ಅವರು ನಾಯಕಿಯಾಗಿ ಆರಿಸಿಕೊಂಡದ್ದು ಒಂದು ಕರಿ ಮೇಕೆಮರಿಯನ್ನು. ಸಾಕಿದ ಮುದುಕಿ ಅದಕ್ಕೆ ಪೂನಾಚಿ ಎಂದು ಹೆಸರಿಡುತ್ತಾಳೆ. ಆದರೆ ಆ ಕತೆಯ ಸರ್ಕಾರಕ್ಕೆ ಹೆಸರು ಬೇಕಿಲ್ಲ. ಸಾಲಿನಲ್ಲಿ ನಿಂತು ಮರಿಯ ಕಿವಿ ಚುಚ್ಚಿಸಿ ನಂಬರು ಹಾಕಿಸಿಕೊಂಡು ಬರಬೇಕು.