ಕುಲಾವಿ ಮತ್ತು ಕೊಟ್ಟಿಗೆ



ಬೇಸಿಗೆ ಬಂತೆಂದರೆ ಕೆಲವು ವರ್ಷಗಳಿಂದ ನಮ್ಮ ಮನೆಯಲ್ಲಿಯೂ "ಈ ಸಲ ಕಪ್ ನಮ್ದೇ" ಎಂಬ ಘೋಷಣೆ ಮೊಳಗುತ್ತಿತ್ತು. ಮೊದಲ ಪಂದ್ಯ ಆರಂಭವಾಗುವ ಮುನ್ನವೇ ನನ್ನ ಮೊಮ್ಮಗನು ಕಪ್ ಗೆದ್ದುಬಿಡುತ್ತಿದ್ದನು. "ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ" ಎಂದು ನಾನು ನಗುತ್ತಿದ್ದೆ. 2008ರಲ್ಲಿ ಐಪಿಎಲ್ ಆರಂಭವಾದಂದಿನಿಂದಲೂ ಬೆಂಗಳೂರಿನ ಪುರುಷರ ತಂಡದ ಪಾಲಿಗೆ ಆ ಕೂಸು ಹುಟ್ಟಿರಲೇ ಇಲ್ಲ. 2025ರ ಜೂನ್ 3ರ ರಾತ್ರಿ, ಹದಿನೆಂಟನೆಯ ಆವೃತ್ತಿಯ ಅಂತಿಮ ಪಂದ್ಯದಲ್ಲಿ, ಪಂಜಾಬ್ ತಂಡವನ್ನು 6 ರನ್ನುಗಳಿಂದ ಸೋಲಿಸಿದಾಗ ಅವನು ನನ್ನ ಕೋಣೆಗೆ ಓಡಿಬಂದು, "ತಾತ, ಕೂಸು ಹುಟ್ಟಿತು!" ಎಂದನು. ನನ್ನ ಗಾದೆಯನ್ನು ನನಗೇ ತಿರುಗಿಸಿದ್ದನು.

ಅಂದು ಆ ಗಾದೆಯ ಬಗ್ಗೆ ಮತ್ತೆ ಯೋಚಿಸಿದೆ. ಕುಲಾವಿ ಎಂದರೆ ಎಳೆಗೂಸಿನ ತಲೆಗೆ ತೊಡಿಸುವ ಟೊಪ್ಪಿಗೆ. ಹುಟ್ಟಿದ ಮಗು ಉಳಿಯುವುದೇ ಸಂದೇಹವಾಗಿದ್ದ ಕಾಲದಲ್ಲಿ ಮುಂಚಿತವಾಗಿ ಆಸೆ ಪಡುವುದಕ್ಕೂ ಹಿರಿಯರು ಅಂಜುತ್ತಿದ್ದರು. ಆ ಅಂಜಿಕೆಯೇ ಹಾಸ್ಯದ ಮಾತಾಗಿ ನಮ್ಮವರೆಗೆ ಬಂದಿರಬೇಕು. ಆದರೆ ಟೊಪ್ಪಿಗೆ ಹೊಲಿಸಿದವಳದು ತಪ್ಪೇ? ಅದು ಬರಿಯ ಪ್ರೀತಿಯಲ್ಲವೇ?

ಈ ಗಾದೆಯನ್ನು ನಾನು ಒಮ್ಮೆ ತರಗತಿಯಲ್ಲಿಯೂ ಬಳಸಿದ್ದೆ. ಒಂಬತ್ತನೆಯ ತರಗತಿಯ ಒಬ್ಬ ಹುಡುಗನು ನೋಟ್‌ಪುಸ್ತಕದ ಮೇಲೆ ತನ್ನ ಹೆಸರಿನ ಹಿಂದೆ 'ಡಾ.' ಎಂದು ಬರೆದುಕೊಂಡಿದ್ದನು. "ಏನಪ್ಪಾ, ಕೂಸು ಹುಟ್ಟುವ ಮುಂಚೆ ಕುಲಾವಿಯೋ?" ಎಂದೆ. ತರಗತಿಯೆಲ್ಲ ನಕ್ಕಿತು. ಮರುದಿನ ನೋಡಿದರೆ ಆ ಅಕ್ಷರವನ್ನು ಶಾಯಿಯಿಂದ ಕಪ್ಪಾಗಿ ತಿದ್ದಿ ಅಳಿಸಿದ್ದನು. ಅವನು ಮುಂದೆ ವೈದ್ಯನಾದನೋ ಇಲ್ಲವೋ ಎಂಬುದು ಇಲ್ಲಿ ಮುಖ್ಯವಲ್ಲ. ಆ ಕಪ್ಪು ಕಲೆ ನನ್ನ ಕಣ್ಣಿನಿಂದ ಇಂದಿಗೂ ಮರೆಯಾಗಿಲ್ಲ.

ನಿಜವಾಗಿ ನಗಬೇಕಾದ ಅವಸರವೊಂದಿದೆ. ಅದಕ್ಕೂ ಕನ್ನಡದಲ್ಲಿ ಗಾದೆಯಿದೆ: "ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ." ಎತ್ತು ಈಯುವುದುಂಟೇ ಎಂದು ಕೇಳುವಷ್ಟು ವ್ಯವಧಾನವೂ ಇಲ್ಲದೆ ಅಪ್ಪಣೆ ಕೊಡುವವರ ಚಿತ್ರವಿದು. ಪ್ರಶ್ನೆಯನ್ನು ಪೂರ್ತಿ ಓದದೆ ಉತ್ತರ ಬರೆಯತೊಡಗುತ್ತಿದ್ದವರಿಗೆ ನಾನು ಇದನ್ನೇ ಹೇಳುತ್ತಿದ್ದುದು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಕುಲಾವಿಯ ಅವಸರ ಮನಸ್ಸಿನದು. ಅದರಿಂದ ಯಾರಿಗೂ ನೋವಿಲ್ಲ. ಕೊಟ್ಟಿಗೆಯ ಅವಸರ ಕೈಯದು, ವಿಚಾರಿಸದೆ ಮಾಡಿಬಿಡುವಂಥದು.

ಈ ಎರಡರ ಅಂತರವನ್ನು ಮರುದಿನವೇ ಕಂಡೆವು. ಗೆದ್ದು ಇಪ್ಪತ್ತನಾಲ್ಕು ಗಂಟೆ ತುಂಬುವ ಮೊದಲೇ, ಜೂನ್ 4ರಂದು, ಬೆಂಗಳೂರಿನಲ್ಲಿ ವಿಜಯೋತ್ಸವ. ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತವಾಗಿ 11 ಜನ ಪ್ರಾಣ ಕಳೆದುಕೊಂಡರು. ಹದಿನೇಳು ಆವೃತ್ತಿಗಳ ಕಾಲ ಕಾದ ಜನ ಇನ್ನು ನಾಲ್ಕು ದಿನ ಕಾಯಲಾರದವರಾಗಿದ್ದರೇ? ಬೇಯುವ ತನಕ ತಾಳಿದ್ದೆವು; ಆರುವ ತನಕ ತಾಳಲಿಲ್ಲ. ಆ ಸಂಜೆ ನಮ್ಮ ಮನೆಯಲ್ಲಿ ಘೋಷಣೆ ಕೇಳಿಸಲಿಲ್ಲ. ಮೊಮ್ಮಗನು ದೂರದರ್ಶನದ ಮುಂದೆ ಮೌನವಾಗಿ ಕುಳಿತಿದ್ದನು.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟೆ. ಮಕ್ಕಳು ಮುಂಚಿತವಾಗಿ ಕನಸು ಕಂಡರೆ ನಗಬೇಡಿ. ಕುಲಾವಿ ಹೊಲಿಯಲಿ ಬಿಡಿ. ದೊಡ್ಡವರು ವಿಚಾರಿಸದೆ ಹಗ್ಗ ಹಿಡಿದು ಕೊಟ್ಟಿಗೆಯತ್ತ ಓಡಿದರೆ ಮಾತ್ರ ತಡೆದು ನಿಲ್ಲಿಸಿ. ನಾನು ಮೇಷ್ಟರಾಗಿ ಇದನ್ನು ತಡವಾಗಿ ಕಲಿತೆ. ಅಂದಿನ ಆ ಹುಡುಗನು ಇದನ್ನು ಓದುತ್ತಿದ್ದರೆ, ಈ ಮೇಷ್ಟರನ್ನು ಕ್ಷಮಿಸಲಿ.

ಎಲ್ಲರಿಗೂ ಶುಭವಾಗಲಿ.